ಎರಡು ಹೆಜ್ಜೆ ಆಚೆಗಿನ ಕೋನು

ಮುಂಬಯಿ ಕಡೆಯ ಅಂಬರನಾಥದಲ್ಲಿ ಭಾನುವಾರದ ಪಂದ್ಯ. ನಮ್ಮ ಗೋಲ್‌ಕೀಪರ್ ಗೋಲ್ ಕಿಕ್ ತೆಗೆದುಕೊಂಡು ಎಡಬದಿಯ ಡಿಫೆಂಡರ್‌ಗೆ ಚೆಂಡು ಉರುಳಿಸಿದ. ಹದಿಮೂರರ ಹುಡುಗ. ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಮಾಡುತ್ತಾನಂತೆ, ಮೈದಾನದಲ್ಲೂ ಗಡಿಬಿಡಿಯವನಲ್ಲ. ಚೆಂಡು ಕಾಲಿಗೆ ಬಂದದ್ದೇ ತಡ, ಮೂರು ಕಡೆಯಿಂದ ಮೂರು ಕೂಗು. ಗೆರೆಯಾಚೆ ನಿಂತಿದ್ದ ಅವನಪ್ಪ "ಮಾರ್, ಮಾರ್!" ಎಂದರು. ಗೆಳೆಯನೊಬ್ಬ "ಪೀಛೇ ದೇಖ್!" ಎಂದ. ತರಬೇತುದಾರ ಎಂಬ ಹಣೆಪಟ್ಟಿ ಹಚ್ಚಿಕೊಂಡ ನಾನು "ಸೆಂಟರ್, ಸೆಂಟರ್!" ಎಂದು ಕಿರುಚಿದೆ. ಮೂವರ ಮಾತನ್ನೂ ನಡೆಸಿಕೊಡಲು ಹೋದ ಹುಡುಗ ಚೆಂಡನ್ನು ಕಾಂಪೌಂಡಿನಾಚೆಯ ಮೋರಿಗೆ ಕಳಿಸಿದ.

ಅಂಥ ಹೊತ್ತಿನಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಒಂದೇ ಷರಾ ಬೀಳುತ್ತಿತ್ತು: 'ಪಾಸಿಂಗ್ ದುರ್ಬಲ.' ಮುಂದಿನ ವಾರ ಅವನನ್ನೂ ಇನ್ನಿಬ್ಬರನ್ನೂ ಎದುರುಬದುರು ನಿಲ್ಲಿಸಿ ನೂರು ಪಾಸು ಮಾಡಿಸುವುದು. ನೂರಕ್ಕೆ ತೊಂಬತ್ತು ಸರಿಯಾಗಿಯೇ ಹೋಗುತ್ತಿದ್ದವು. ಅದರ ಮುಂದಿನ ಭಾನುವಾರ ಚೆಂಡು ಮತ್ತೆ ಮೋರಿಗೆ.

ಒಂದು ಸಲ ಮಗುವೊಂದರ ತಾಯಿ ಫೋನಿನಲ್ಲಿ ಹಿಡಿದಿದ್ದ ಇಂಥ ಒಂದು ಗಳಿಗೆಯ ವಿಡಿಯೊ ನೋಡಲು ಸಿಕ್ಕಿತು. ಲೋಕಲ್‌ನಲ್ಲಿ ನಿಂತುಕೊಂಡು, ವಿಠ್ಠಲವಾಡಿಯಿಂದ ಡೊಂಬಿವಲಿ ಬರುವುದರೊಳಗೆ ಹತ್ತು ಸಲ ಅದೇ ಹನ್ನೆರಡು ಸೆಕೆಂಡು ನೋಡಿರಬೇಕು. ಆ ಹುಡುಗನ ಕಾಲಿನಲ್ಲಿ ಯಾವ ತಪ್ಪೂ ಇರಲಿಲ್ಲ. ಅವನು ತಲೆ ಎತ್ತಿ ನೋಡಿದ್ದ. ನೋಡಿದಾಗ ಪಾಸು ಕೊಡಲು ಒಬ್ಬನೂ ಕಾಣಲಿಲ್ಲ, ಅಷ್ಟೇ. ನಾನು 'ಸೆಂಟರ್' ಎಂದು ಕೂಗುತ್ತಿದ್ದೆನಲ್ಲ, ಆ ಸೆಂಟರಿನ ನಮ್ಮ ಮಿಡ್‌ಫೀಲ್ಡರ್ ಎದುರಾಳಿ ಫಾರ್ವರ್ಡ್‌ನ ಬೆನ್ನ ಹಿಂದೆ, ಅವನ ನೆರಳಿನಲ್ಲಿ ನಿಂತಂತೆ ನಿಂತಿದ್ದ. ಗೆರೆಯ ಹೊರಗಿನ ನನಗೆ ಅವನು ಕಾಣುತ್ತಿದ್ದ, ಚೆಂಡಿದ್ದವನಿಗೆ ಕಾಣುತ್ತಿರಲಿಲ್ಲ. ತಪ್ಪು ಚೆಂಡು ಇಲ್ಲದವನದು. ಬೈಸಿಕೊಂಡದ್ದು ಚೆಂಡು ಇದ್ದವನು.

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ 'ತಂತ್ರ' ಎಂಬ ಶಬ್ದ ಎರಡು ಕೆಲಸ ಮಾಡುತ್ತದೆ. ಕಾಲಿನ ಚಳಕಕ್ಕೂ ತಂತ್ರ, ತಂಡದ ಹೂಟಕ್ಕೂ ತಂತ್ರ. ಮೊದಲನೆಯದನ್ನು ಕೌಶಲ ಎಂದು ಬೇರೆ ಮಾಡಿಟ್ಟರೆ ನಮ್ಮಂಥವರ ಅರ್ಧ ಗೊಂದಲ ಕಳೆಯುತ್ತದೆ. ಚೆಂಡನ್ನು ನಿಲ್ಲಿಸುವುದು, ಒದೆಯುವುದು, ಹೊರಳಿಸುವುದು ಕೌಶಲ. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾವಾಗ ಓಡಬಾರದು ಎನ್ನುವುದು ತಂತ್ರ. ತೊಂಬತ್ತು ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಒಂದು ಗಂಟೆಯ ಆಸುಪಾಸು. ಅದನ್ನು ಇಪ್ಪತ್ತೆರಡು ಮಂದಿ ಹಂಚಿಕೊಂಡರೆ ತಲೆಗೆ ಮೂರು ನಿಮಿಷವೂ ಬರುವುದಿಲ್ಲ. ಉಳಿದ ಹೊತ್ತೆಲ್ಲ ಮಗು ಚೆಂಡಿಲ್ಲದೆಯೇ ಫುಟ್‌ಬಾಲ್ ಆಡುತ್ತಿರುತ್ತದೆ. ನಾವು ಕಲಿಸುವುದು ಮಾತ್ರ ಆ ಮೂರು ನಿಮಿಷದ್ದನ್ನು.

ಹಾಗಾದರೆ ಚೆಂಡಿಲ್ಲದ ಆಟವನ್ನು ಹೇಗೆ ಕಲಿಸುವುದು? ಕಪ್ಪುಹಲಗೆಯ ಮೇಲೆ ಬಾಣ ಬರೆದು ಕಲಿಸಬಹುದೆಂದು ಮೊದಮೊದಲು ನಂಬಿದ್ದೆ. ಮಕ್ಕಳು ತಲೆಯಾಡಿಸುತ್ತಾರೆ, ಮನೆಯಲ್ಲಿ ತಂದೆತಾಯಿಗೆ ತಲೆಯಾಡಿಸುವ ಹಾಗೆಯೇ. ಮೈದಾನಕ್ಕಿಳಿದರೆ ಬಾಣಗಳೆಲ್ಲ ಹಲಗೆಯ ಮೇಲೇ ಉಳಿದಿರುತ್ತವೆ.

ಫುಟ್‌ಬಾಲಿನ ಚರಿತ್ರೆಯನ್ನೇ ನೋಡಿ. ಆಟದ ತಂತ್ರ ದೊಡ್ಡದಾಗಿ ಬದಲಾದಾಗ ಅನೇಕ ಸಲ ಅದರ ಹಿಂದೆ ಯಾವುದಾದರೊಂದು ನಿಯಮದ ಬದಲಾವಣೆ ಇರುತ್ತದೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಮುಂದಿರುವ ಆಟಗಾರ ಮತ್ತು ಗೋಲಿನ ಗೆರೆಯ ನಡುವೆ ಮೂವರು ಎದುರಾಳಿಗಳು ಇರಬೇಕಿದ್ದಲ್ಲಿ ಇಬ್ಬರು ಸಾಕೆಂದಾಯಿತು. ಗೋಲುಗಳು ಸುರಿದವು. ತಡೆಯಲು ನಡುವಿನ ಹಾಫ್‌ನನ್ನು ಹಿಂದಕ್ಕೆಳೆದು ಮೂರನೆಯ ಡಿಫೆಂಡರ್ ಮಾಡಬೇಕಾಯಿತು. 1992ರಲ್ಲಿ, ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ ಎಂದಾಯಿತು. ಅಲ್ಲಿಯವರೆಗೆ ಕೈ ಮಾತ್ರ ಬೇಕಿದ್ದವನು ಕಾಲು ಬಳಸುವುದನ್ನೂ ಕಲಿತ. 2019ರಲ್ಲಿ ಗೋಲ್ ಕಿಕ್‌ನ ಚೆಂಡು ಪೆನಾಲ್ಟಿ ಪೆಟ್ಟಿಗೆಯಿಂದ ಹೊರಗೆ ಹೋಗಲೇಬೇಕೆಂಬ ಷರತ್ತು ಹೋಯಿತು. ಅಂಬರನಾಥದ ನಮ್ಮ ಹುಡುಗನ ಕಾಲಿಗೆ ಗೋಲಿನ ಪಕ್ಕದಲ್ಲೇ ಚೆಂಡು ಬಂದು ನಿಂತದ್ದು ಆ ಬದಲಾವಣೆಯ ಕೃಪೆ. ಇಷ್ಟು ಬದಲಾವಣೆಯಾದಾಗ ದೇಶದೇಶದ ಆಟಗಾರರಿಗೆ ಯಾರೂ ಹಲಗೆ ಮುಂದೆ ಕೂರಿಸಿ ಉಪನ್ಯಾಸ ಕೊಡಲಿಲ್ಲ. ನಿಯಮ ಬದಲಾಯಿತು, ಆಡುತ್ತ ಆಡುತ್ತ ದಾರಿ ಹುಡುಕಿಕೊಂಡರು.

ಈ ಗುಟ್ಟನ್ನು ನಮ್ಮಲ್ಲೇ ಒಬ್ಬರು ಬಹಳ ಹಿಂದೆ ಹಿಡಿದಿದ್ದರು. ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಕೈಲಿ 10-1 ಏಟು ತಿಂದ ತಂಡಕ್ಕೂ ಅವರೇ ತರಬೇತುದಾರ, 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡಕ್ಕೂ ಅವರೇ. ಬೆಂಗಳೂರಿನ ಕೆಂಪಯ್ಯ ಆ ಮೆಲ್ಬರ್ನ್ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಗಿ ಆಡಿಸಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಕಥೆಯನ್ನು ಈಗ ಸಿನಿಮಾದಲ್ಲೂ ನೋಡಬಹುದು. ನನಗೆ ಅದಕ್ಕಿಂತ ರುಚಿಸುವುದು ಅವರು ಹೈದರಾಬಾದಿನಲ್ಲಿ ನಡೆಸುತ್ತಿದ್ದ ವಿಚಿತ್ರ ಟೂರ್ನಿಗಳು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ. ಇನ್ನೊಂದರಲ್ಲಿ ದುರ್ಬಲ ಕಾಲನ್ನಷ್ಟೇ ಬಳಸಬೇಕು. ಡ್ರಿಬಲ್ ಇಲ್ಲವೆಂದ ಮೇಲೆ ಚೆಂಡು ಬರುವ ಮೊದಲೇ ಮುಂದಿನ ಪಾಸು ನೋಡಿಟ್ಟುಕೊಳ್ಳಬೇಕು. ಉಳಿದ ಹತ್ತು ಮಂದಿ ಕಾಣುವ ಕಡೆ ಬಂದು ನಿಲ್ಲಬೇಕು. 'ತಲೆ ಎತ್ತು, ಜಾಗ ಮಾಡಿಕೊಡು' ಎಂದು ಗಂಟಲು ಹರಿದುಕೊಳ್ಳುವ ಕೆಲಸವನ್ನು ಅಲ್ಲಿ ಒಂದು ನಿಷೇಧವೇ ಮಾಡುತ್ತಿತ್ತು.

1982ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಬಂಕರ್ ಮತ್ತು ಥಾರ್ಪ್ ಎಂಬ ಇಬ್ಬರು, ಶಾಲೆಗಳಲ್ಲಿ ಮೊದಲು ಕೌಶಲ ತಿದ್ದಿ ಆಮೇಲೆ ಆಟ ಆಡಿಸುವ ಪದ್ಧತಿಯನ್ನು ತಿರುವುಮುರುವು ಮಾಡಿ, ಮೊದಲು ಆಟ, ಆಟದ ತಿಳಿವಳಿಕೆ, ಅದಕ್ಕೆ ಬೇಕಾದಾಗ ಕೌಶಲ ಎಂದು ಬರೆದರು. ಇವತ್ತು ತರಬೇತುದಾರರ ಕೋರ್ಸುಗಳಲ್ಲಿ ಓಡಾಡುವ ಮಾತಿನ ಬಹುಪಾಲು ಅದರ ಮೊಮ್ಮಕ್ಕಳು. ಇದೇ ದಾರಿ ಹಿಡಿದ ಇನ್ನೊಬ್ಬರು ಜರ್ಮನಿಯ ಹೋರ್ಸ್ಟ್ ವೈನ್. ಮೂಲದಲ್ಲಿ ಹಾಕಿಯವರು. 1980ರ ಮಾಸ್ಕೋ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದ ಭಾರತಕ್ಕೆ 4-3ರಿಂದ ಸೋತ ಸ್ಪೇನ್ ತಂಡದ ತರಬೇತುದಾರ ಇವರೇ. ಆಮೇಲೆ ಫುಟ್‌ಬಾಲಿಗೆ ಬಂದು ಮಕ್ಕಳಿಗಾಗಿ ಒಂದು ಪುಟ್ಟ ಆಟ ಕಟ್ಟಿದರು: ಮೂವರಿಗೆ ಮೂವರು, ಎರಡೂ ತುದಿಯಲ್ಲಿ ಒಂದರ ಬದಲು ಎರಡೆರಡು ಸಣ್ಣ ಗೋಲು, ಗೋಲಿಗೆ ಆರು ಮೀಟರ್ ಹತ್ತಿರ ಬರುವವರೆಗೆ ಹೊಡೆಯುವಂತಿಲ್ಲ. ಒಂದು ಗೋಲಿನ ಮುಂದೆ ಜನ ಕವಿದಿದ್ದರೆ ಇನ್ನೊಂದು ಖಾಲಿ ಇರುತ್ತದೆ. ಅದು ಕಾಣಬೇಕಾದರೆ ತಲೆ ಎತ್ತಲೇಬೇಕು. ಎಂಟು ವರ್ಷದ ಮಗುವಿಗೆ 'ಆಟದ ದಿಕ್ಕು ಬದಲಿಸು' ಎಂದರೆ ಅರ್ಥವಾಗುವುದಿಲ್ಲ. ಎರಡನೇ ಗೋಲು ಕಾಣುತ್ತದೆ.

ಇನ್ನು ನಮ್ಮ ಮೋರಿಯ ಚೆಂಡಿಗೆ ಬರೋಣ. ಆ ಒಂದು ತೊಂದರೆಗಾಗಿ ಒಂದು ಬೆಳಗಿನ ಅಭ್ಯಾಸವನ್ನು ಹೇಗೆ ಹೆಣೆದೆ ಎಂಬುದನ್ನು ಬಿಡಿಸಿ ಹೇಳಬೇಕು. ಏಕೆಂದರೆ ಮೊದಲ ಸಲ ಪೂರ್ತಿ ಕೆಡಿಸಿದ್ದೆ.

ಆ ಮೊದಲ ಸಲ ಐದು ಬಣ್ಣದ ಕೋನು, ಐದು ನಿಯಮ. ನೀಲಿ ಕೋನು ದಾಟಿದರೆ ಎರಡು ಸ್ಪರ್ಶ, ಹಳದಿಯ ಒಳಗೆ ಮೂರು, ಮಧ್ಯದ ಚೌಕಕ್ಕೆ ಒಬ್ಬನೇ ಹೋಗಬೇಕು, ಹೀಗೆ. ನಾನು ವಿವರಿಸಿ ಮುಗಿಸುವುದರೊಳಗೆ ಹನ್ನೊಂದು ನಿಮಿಷ ಹೋಗಿತ್ತು. ಮಕ್ಕಳು ಬಿಬ್‌ಗಳನ್ನು ತಲೆಗೆ ಪೇಟ ಕಟ್ಟಿಕೊಂಡಿದ್ದರು. ಹಿಂದಿನಿಂದ ಒಂದು ದನಿ: "ಸರ್, ಮ್ಯಾಚ್ ಕಬ್?" ಪ್ರಪಂಚದ ಯಾವ ಮೈದಾನದಲ್ಲಾದರೂ ಮಕ್ಕಳು ಕೇಳುವ ಪ್ರಶ್ನೆ ಇದೊಂದೇ. ತರಬೇತಿಯ ಮೇಲೆ ಇದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಇನ್ನೂ ಕೇಳಿಲ್ಲ.

ಎರಡನೇ ಸಲ ಒಂದೇ ತೊಂದರೆ, ಒಂದೇ ನಿಯಮ ಎಂದುಕೊಂಡೆ. ಶುರುವಿಗೆ ಹದಿನೈದು ನಿಮಿಷ ರೊಂಡೋ. ಬಾರ್ಸಿಲೋನಾದ ಯುವ ತಂಡಗಳಲ್ಲಿ 1970ರ ದಶಕದಲ್ಲಿ ಲೌರೆಯಾನೋ ರುಯಿಸ್ ಬೇರೂರಿಸಿದ ಆಟ. ನಮ್ಮ ಬೀದಿಯ 'ಕೋತಿಯಾಟ'ಕ್ಕೆ ಹತ್ತಿರದ ನೆಂಟ. ಹತ್ತು ಹೆಜ್ಜೆಯ ಚೌಕದ ನಾಲ್ಕು ಬದಿಗೆ ನಾಲ್ವರು, ಒಳಗೆ ಚೆಂಡು ಕಸಿಯಲು ಇಬ್ಬರು. ಬದಿಯವರು ಮೂಲೆಯಲ್ಲಿ ಕಂಬದಂತೆ ನಿಲ್ಲದೆ ತಮ್ಮ ಗೆರೆಯುದ್ದಕ್ಕೂ ಜಾರುತ್ತಿರಬೇಕು. ಒಳಗಿನ ಇಬ್ಬರ ನಡುವಿನ ಸಂದು ಯಾವ ಕಡೆಗೆ ತೆರೆಯುತ್ತದೋ ಅಲ್ಲಿ ಮುಖ ತೋರಿಸಬೇಕು. ನೆರಳಿನಿಂದ ಹೊರಬರುವ ಮೊದಲ ಪಾಠ ಇಲ್ಲೇ ಆಗುತ್ತದೆ, ಹೆಸರಿಲ್ಲದೆ.

ಆಮೇಲೆ ಅರ್ಧ ಮೈದಾನ. ಗೋಲ್‌ಕೀಪರ್, ನಾಲ್ವರು ಡಿಫೆಂಡರ್, ಒಬ್ಬ ಮಿಡ್‌ಫೀಲ್ಡರ್, ಒಟ್ಟು ಆರು. ಎದುರಿಗೆ ಮೇಲೆ ಬಿದ್ದು ಚೆಂಡು ಕಸಿಯುವ ನಾಲ್ವರು. ನಡುಗೆರೆಯ ಮೇಲೆ ನಾಲ್ಕು ಹೆಜ್ಜೆ ಅಗಲದ ಮೂರು ಗೇಟು: ಎಡ, ನಡು, ಬಲ. ಆರು ಮಂದಿ ಚೆಂಡನ್ನು ಯಾವುದಾದರೂ ಗೇಟಿನಿಂದ ದಾಟಿಸಿದರೆ ಒಂದು ಅಂಕ. ನಾಲ್ವರು ಕಸಿದರೆ ನೇರ ಗೋಲಿಗೆ. ಇನ್ನೊಂದು ಅರ್ಧದಲ್ಲೂ ಇದೇ, ಹಾಗಾಗಿ ಇಪ್ಪತ್ತು ಮಂದಿ ಒಟ್ಟಿಗೆ ಆಡುತ್ತಾರೆ. ಮಿಕ್ಕ ಇಬ್ಬರು ಅಂಕ ಬರೆಯುತ್ತಾರೆ, ಐದು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಸಾಲಿನಲ್ಲಿ ನಿಲ್ಲಿಸುವ ಹಳೆಯ ಪದ್ಧತಿಗೆ ನಾನು ವಿರೋಧಿಯಾದದ್ದು ಒಂದು ಸಣ್ಣ ಲೆಕ್ಕದಿಂದ. ಹತ್ತು ಮಂದಿಯ ಸಾಲು, ಒಬ್ಬೊಬ್ಬರಿಗೆ ಹತ್ತು ಸೆಕೆಂಡಿನ ಸರದಿ ಎಂದರೆ ಹದಿನೈದು ನಿಮಿಷದಲ್ಲಿ ಪ್ರತಿ ಮಗುವಿಗೆ ಸಿಗುವುದು ಒಂಬತ್ತು ಸರದಿ, ತೊಂಬತ್ತು ಸೆಕೆಂಡು. ಉಳಿದ ಹದಿಮೂರೂವರೆ ನಿಮಿಷ ಮುಂದಿನವನ ಬೆನ್ನು ನೋಡುವುದು. ಅದಕ್ಕೆ ರೇಷನ್ ಅಂಗಡಿಯ ಕ್ಯೂ ಸಾಕು.

ಈ ಗೇಟಿನ ಆಟಕ್ಕೆ ಸೇರಿಸಿದ ನಿಯಮ ಇಷ್ಟೇ: ಗೇಟು ದಾಟುವ ಮೊದಲು ಚೆಂಡು ಒಮ್ಮೆಯಾದರೂ ಮಿಡ್‌ಫೀಲ್ಡರ್‌ನ ಕಾಲಿಗೆ ತಾಗಿರಬೇಕು. ಎಡಬದಿಯ ಹುಡುಗನಿಗೆ ನಾನು ಏನನ್ನೂ ಹೇಳಲಿಲ್ಲ. ಮಿಡ್‌ಫೀಲ್ಡರ್‌ಗೂ ಹೇಳಲಿಲ್ಲ. ಮೊದಲ ಐದು ನಿಮಿಷ ಅಂಕವೇ ಬರಲಿಲ್ಲ. ಎಂಟನೇ ನಿಮಿಷದ ಸುಮಾರಿಗೆ ಮಿಡ್‌ಫೀಲ್ಡರ್‌ಗೆ ಸಿಟ್ಟು ಬಂತು, "ಅರೇ, ದೇ ನಾ!" ಎಂದ. ಎಡಬದಿಯವನು "ದಿಖ್ತಾ ನಹೀಂ ತೂ!" ಎಂದ. ನೀನು ಕಾಣುತ್ತಿಲ್ಲ. ಇಡೀ ಋತುವಿನಲ್ಲಿ ನಾನು ಹೇಳಬೇಕಿದ್ದ ಮಾತನ್ನು ಒಬ್ಬ ಹುಡುಗ ಇನ್ನೊಬ್ಬನಿಗೆ ಮೂರೇ ಪದದಲ್ಲಿ ಹೇಳಿ ಮುಗಿಸಿದ್ದ. ಮುಂದಿನ ಸಲ ಮಿಡ್‌ಫೀಲ್ಡರ್ ಫಾರ್ವರ್ಡ್‌ನ ಬೆನ್ನಿನಿಂದ ಮೂರು ಹೆಜ್ಜೆ ಪಕ್ಕಕ್ಕೆ ಸರಿದ. ಚೆಂಡು ಬಂತು. ತಿರುಗಿದ. ಬಲಗೇಟು ಖಾಲಿ.

ಆದರೆ ನಿಯಮಕ್ಕೂ ಆಯುಸ್ಸಿದೆ. ಹದಿನೈದನೇ ನಿಮಿಷಕ್ಕೆ ಎದುರಿನ ನಾಲ್ವರೂ ಜಾಣರಾದರು. ಚೆಂಡು ಹೇಗಿದ್ದರೂ ಮಿಡ್‌ಫೀಲ್ಡರ್ ಹತ್ತಿರ ಹೋಗಲೇಬೇಕಲ್ಲ, ಅವನಿಗೇ ಅಂಟಿಕೊಂಡರೆ ಆಯಿತು ಎಂದು ಇಬ್ಬರು ಅವನ ಪಕ್ಕದಲ್ಲೇ ಬೀಡುಬಿಟ್ಟರು. ಆಗ ಎಡ ಬಲ ಬದಿಗಳು ಹಾಳು ಸುರಿಯುತ್ತಿದ್ದರೂ ನನ್ನ ನಿಯಮ ಮಕ್ಕಳನ್ನು ಜನಸಂದಣಿಗೇ ತಳ್ಳುತ್ತಿತ್ತು. ಇದು ತರಬೇತುದಾರರು ತೀರ ಸಾಮಾನ್ಯವಾಗಿ ಮಾಡುವ ತಪ್ಪು: ಒಂದು ಒಳ್ಳೆಯದನ್ನು ಕಲಿಸಲು ಹಾಕಿದ ಷರತ್ತು ಪಂದ್ಯದ ನಿಜವನ್ನೇ ಸುಳ್ಳು ಮಾಡುವ ಹೊತ್ತನ್ನು ಗಮನಿಸದಿರುವುದು. ನಿಯಮ ತೆಗೆದುಬಿಟ್ಟೆ. "ಈಗ ಹೇಗೆ ಬೇಕಾದರೂ ದಾಟಿ." ಇಬ್ಬರು ಎದುರಾಳಿಗಳನ್ನು ಎಳೆದುಕೊಂಡು ಮಿಡ್‌ಫೀಲ್ಡರ್ ಬಲಕ್ಕೆ ಓಡಿದ. ಎಡಬದಿಯ ಲೆಕ್ಕದ ಹುಡುಗ ಚೆಂಡಿನ ಜೊತೆಗೆ ತಾನೇ ನಡುಗೇಟಿನಿಂದ ನಡೆದುಕೊಂಡು ಹೋದ. ಓಡಲಿಲ್ಲ, ನಡೆದ.

ಗೇಟಿನ ಆಟ ನಡೆದ ಇಪ್ಪತ್ತೈದು ನಿಮಿಷದಲ್ಲಿ ಮೂರೇ ಸಲ ಶಿಳ್ಳೆ ಊದಿದೆ. ನಿಂತಲ್ಲೇ ನಿಲ್ಲಿಸಿ ಒಂದು ಪ್ರಶ್ನೆ: "ನಿನಗೆ ಯಾರು ಯಾರು ಕಂಡರು?" ಉತ್ತರ ಬಂದ ಕೂಡಲೇ ಆಟ ಮುಂದಕ್ಕೆ. ಉತ್ತರ ತಪ್ಪಾದರೂ ಮುಂದಕ್ಕೆ. ಕೊನೆಯ ಇಪ್ಪತ್ತೈದು ನಿಮಿಷ ಯಾವ ಷರತ್ತೂ ಇಲ್ಲದ ಪೂರ್ತಿ ಪಂದ್ಯ, ನನ್ನ ಬಾಯಿಗೆ ಬೀಗ. ಬೆಳಿಗ್ಗೆ ಕಲಿತದ್ದು ಪಂದ್ಯದಲ್ಲಿ ಎರಡು ಸಲ ಕಂಡರೆ ಅದು ಒಳ್ಳೆಯ ಭಾನುವಾರ. ಒಮ್ಮೊಮ್ಮೆ ಒಂದು ಸಲವೂ ಕಾಣುವುದಿಲ್ಲ.

ಚೆಂಡು ಕಸಿಯುವ ಕಡೆಯನ್ನು, ಇಂಗ್ಲಿಷ್ ಕಾಮೆಂಟರಿಯವರು ಪ್ರೆಸ್ಸಿಂಗ್ ಎನ್ನುವುದನ್ನು, ಕಲಿಸುವಾಗ ನನ್ನ ಕೈಹಿಡಿದದ್ದು ಗದಗದ ಕಡೆಯ ನಮ್ಮೂರ ಗುಡಿಕಟ್ಟೆ. ಅಲ್ಲಿ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿತ್ತು. ಹಂಪಿಯ ಹಾಸುಬಂಡೆಗಳ ಮೇಲೂ ಇಂಥ ಆಟದ ಮನೆಗಳನ್ನು ನೋಡಬಹುದು. ಮೂರು ಹುಲಿ, ಹದಿನೈದು ಕುರಿ. ಕುರಿಯ ಬೆನ್ನಿಗಿರುವ ಮನೆ ಖಾಲಿಯಿದ್ದರೆ ಹುಲಿ ಅದರ ಮೇಲಿಂದ ಹಾರಿ ಕುರಿಯನ್ನು ತಿನ್ನುತ್ತದೆ. ಬೆನ್ನಿಗೆ ಇನ್ನೊಂದು ಕುರಿಯಿದ್ದರೆ ಹುಲಿಯ ಆಟ ಸಾಗದು. ಕುರಿಗಳು ಗೆಲ್ಲುವುದು ತಿಂದಲ್ಲ, ಹುಲಿಗೆ ಅಲ್ಲಾಡಲು ಮನೆಯಿಲ್ಲದಂತೆ ಮಾಡಿ.

ಇದನ್ನು ಮೈದಾನದ ಮಣ್ಣಿನಲ್ಲಿ ಗೀರಿ, ದೊಡ್ಡಕಲ್ಲು ಸಣ್ಣಕಲ್ಲು ಇಟ್ಟು ಆಡಿಸಿದೆ. ಚೆಂಡಿರುವವನು ಹುಲಿ. ಅವನ ಮೇಲೆ ಒಬ್ಬನೇ ನುಗ್ಗಿದರೆ, ಬೆನ್ನ ಹಿಂದಿನ ಜಾಗ ಖಾಲಿ ಬಿದ್ದಿದ್ದರೆ, ಒಂದು ಪಾಸಿನಲ್ಲಿ ಅಥವಾ ಒಂದು ಡ್ರಿಬಲ್‌ನಲ್ಲಿ ಅವನು ನಿನ್ನನ್ನು ತಿಂದು ಹೋಗುತ್ತಾನೆ. ನುಗ್ಗುವ ಮೊದಲು ಬೆನ್ನಿಗೆ ಯಾರಿದ್ದಾರೆ ನೋಡು. ನಮ್ಮ ತಂಡದಲ್ಲಿ ಮೈದಾನದ ಹೊರಗೆ ನನ್ನನ್ನು ಮಾಮಾ ಎಂದೂ ಒಳಗೆ ಸರ್ ಎಂದೂ ಕರೆಯುವ ಕನ್ನಡದ ಮನೆಯ ಹುಡುಗಿಯೊಬ್ಬಳಿದ್ದಾಳೆ. ಅವಳು ಮಾರನೆಯ ವಾರದಿಂದ ಮೈದಾನದಲ್ಲಿ "ಕುರಿ ಹೈ, ಕುರಿ ಹೈ!" ಎಂದು ಕೂಗತೊಡಗಿದಳು. ಹಿಂದೆ ನಾನಿದ್ದೇನೆ, ನುಗ್ಗು ಎಂದು ಅರ್ಥ. ಈಗ ಕನ್ನಡದ ಗಂಧವಿಲ್ಲದ ಮರಾಠಿ, ಸಿಂಧಿ, ತಮಿಳು ಮಕ್ಕಳೂ ಅದನ್ನೇ ಕೂಗುತ್ತಾರೆ. ಎದುರಾಳಿ ತಂಡದವರಿಗೆ ಇದೊಂದು ಗುಪ್ತಭಾಷೆ. ಮುಂಬಯಿ ಕಡೆಯ ಕನ್ನಡಿಗರು ನಾಡಿಗೆ ಸಲ್ಲಿಸಿದ ಸೇವೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಬೇಕೆಂದು ನನ್ನ ಆಸೆ.

ದೊಡ್ಡವರ ಆಟ ನೋಡಿ ಕಲಿಯುವುದಿದ್ದರೆ ನಮಗೆ ನೆರೂಳ್ ದೂರವಲ್ಲ. ಅಂಬರನಾಥದಿಂದ ಠಾಣೆಗೆ ಲೋಕಲ್, ಅಲ್ಲಿಂದ ಟ್ರಾನ್ಸ್-ಹಾರ್ಬರ್ ಗಾಡಿ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತಕ್ಕೆ ಬಂದಾಗ ಅಕ್ಟೋಬರ್ 25ರಂದು ಅಲ್ಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಸ್ಪೇನ್ ಮತ್ತು ಮಾಲಿಯ ಸೆಮಿಫೈನಲ್ ನಡೆಯಿತು. ಆಗಿನ ತಂಡದ ಕೆಲವು ಮಕ್ಕಳನ್ನು ಕರೆದೊಯ್ದಿದ್ದೆ. ಒಂದು ಷರತ್ತು: ಮೊದಲ ಹತ್ತು ನಿಮಿಷ ಚೆಂಡನ್ನು ನೋಡಬಾರದು, ನಿಮ್ಮ ನಿಮ್ಮ ಜಾಗದ ಆಟಗಾರನೊಬ್ಬನನ್ನು ಆರಿಸಿಕೊಂಡು ಅವನನ್ನೇ ನೋಡಬೇಕು. ಎರಡು ನಿಮಿಷಕ್ಕೇ ಗೊಣಗಾಟ. ಆಮೇಲೆ ಒಬ್ಬ ನನ್ನ ತೋಳು ಜಗ್ಗಿ, "ಸರ್, ಇವನು ಸುಮ್ಮನೆ ಹಿಂದೆ ತಿರುಗಿ ತಿರುಗಿ ನೋಡ್ತಾನೇ ಇರ್ತಾನೆ" ಎಂದ. ಅಂದಿನ ಟಿಕೆಟ್ ದುಡ್ಡು ಆ ಒಂದು ಮಾತಿಗೆ ಸಂದಿತು. ಸ್ಪೇನ್ 3-1ರಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಫೆರಾನ್ ಟೊರೆಸ್ ಎಂಬ ಹುಡುಗನೂ ಇದ್ದ. ಅದೇ ಮೈದಾನದಲ್ಲಿ 2022ರ ಅಕ್ಟೋಬರ್ 30ರಂದು ಹುಡುಗಿಯರ ವಿಶ್ವಕಪ್ ಫೈನಲ್, ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಸೋಲಿಸಿತು.

ಆದರೆ ಆ 2017ರ ಟೂರ್ನಿಯಿಂದ ನಾನು ಮೈದಾನಕ್ಕೆ ತಂದ ಪಾಠ ನೆರೂಳಿನದಲ್ಲ, ದೆಹಲಿಯದು. ಅಕ್ಟೋಬರ್ 9, ಭಾರತ ಮತ್ತು ಕೊಲಂಬಿಯಾ. 82ನೇ ನಿಮಿಷ. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ತೆಗೆದ ಕಾರ್ನರ್ ಕಿಕ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟರು. ಫೀಫಾ ವಿಶ್ವಕಪ್ಪೊಂದರಲ್ಲಿ ಭಾರತದ ಮೊಟ್ಟಮೊದಲ ಗೋಲು, 1-1. ಕ್ರೀಡಾಂಗಣ ಹುಚ್ಚೆದ್ದಿತು, ಮನೆಮನೆಯಲ್ಲಿ ಕುರ್ಚಿಗಳು ಉರುಳಿದವು. 83ನೇ ನಿಮಿಷ: ಕೊಲಂಬಿಯಾದ ಪೆನಲೋಸಾ ಗೋಲು, 2-1. ಒಂದೇ ನಿಮಿಷ. ನಾನು ಟಿವಿ ಮುಂದೆ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದೆ.

ಆ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಗೋಲು ಹೊಡೆದ ಮರುನಿಮಿಷ ಹೇಗೆ ನಿಲ್ಲಬೇಕೆಂದು ಅಭ್ಯಾಸದಲ್ಲಿ ಆಡಿಸುವವರು ಎಷ್ಟು ಮಂದಿ? ನಾನಂತೂ ಆಡಿಸುತ್ತಿರಲಿಲ್ಲ. ನಮ್ಮ ಅಭ್ಯಾಸದಲ್ಲಿ ಗೋಲಾಯಿತೆಂದರೆ ನೀರು ಕುಡಿಯುವ ಹೊತ್ತು. ಅಂದಿನಿಂದ ತಿಂಗಳಿಗೊಮ್ಮೆ ಒಂದು ಆಟ ಆಡಿಸುತ್ತೇನೆ, ಮಕ್ಕಳು ಅದಕ್ಕೆ 'ತಿರಾಸೀ', ಎಂಬತ್ತಮೂರು ಎಂದು ಹೆಸರಿಟ್ಟಿದ್ದಾರೆ. ಗೋಲು ಬಿಟ್ಟುಕೊಟ್ಟ ತಂಡ ಶಿಳ್ಳೆಗೆ ಕಾಯದೆ ನಡುವೃತ್ತದಿಂದ ತಕ್ಷಣ ಆಟ ಶುರು ಮಾಡಬಹುದು. ಅರ್ಧ ನಿಮಿಷದೊಳಗೆ ತಿರುಗಿ ಹೊಡೆದರೆ ಅದು ಎರಡು ಗೋಲಿಗೆ ಸಮ. ಮೊದಲ ಸಲ ಆಡಿದಾಗ ಗೋಲು ಹೊಡೆದವರು ಅಪ್ಪಿಕೊಂಡು ಕುಣಿಯುತ್ತಿದ್ದಂತೆಯೇ ಚೆಂಡು ಅವರದೇ ಬಲೆಯಲ್ಲಿತ್ತು. ಮೂರನೇ ಸಲಕ್ಕೆ ಕುಣಿತ ನಿಲ್ಲಲಿಲ್ಲ, ಅದು ನಿಲ್ಲಲೂಬಾರದು. ಇಬ್ಬರು ಡಿಫೆಂಡರ್‌ಗಳು ಮಾತ್ರ ಕುಣಿಯಲು ಬರದೆ ನಡುಗೆರೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಮದುವೆಮನೆಯಲ್ಲಿ ಚಪ್ಪಲಿ ಕಾಯುವವರ ಹಾಗೆ.

ವಯಸ್ಸಿನ ವಿಷಯದಲ್ಲಿ ಆಸೆ ಕಡಿಮೆಯಿರುವುದು ಒಳ್ಳೆಯದು. ಏಳೆಂಟರ ಮಕ್ಕಳು ಚೆಂಡಿನ ಸುತ್ತ ಜೇನಿನಂತೆ ಮುತ್ತುತ್ತಾರೆ, ಮುತ್ತಲಿ. ಹತ್ತು ಹನ್ನೊಂದಕ್ಕೆ ಇಬ್ಬರು ಮೂವರ ಹೊಂದಾಣಿಕೆ ಸಾಕು. ಸಾಲು ಕಟ್ಟಿ ಒಟ್ಟಿಗೆ ಮೇಲೆ ಕೆಳಗೆ ಸರಿಯುವುದು, ಆಫ್‌ಸೈಡ್ ಗೆರೆ ಹಿಡಿಯುವುದು ಇವೆಲ್ಲ ಹದಿಮೂರು ಹದಿನಾಲ್ಕರ ನಂತರದ ಮಾತು. ಜಿಲ್ಲಾ ಕ್ರೀಡಾ ಕಚೇರಿಯ (ಡಿಎಸ್‌ಒ) ಟೂರ್ನಿ ಹತ್ತಿರ ಬಂದಾಗ ಶಾಲೆಯವರಿಗೆ ಕಪ್ ಬೇಕು. ಎತ್ತರದ ಹುಡುಗನನ್ನು ಮುಂದೆ ನಿಲ್ಲಿಸಿ ಉದ್ದಕ್ಕೆ ಒದ್ದರೆ ಕಪ್ ಬರುವುದೂ ಉಂಟು. ನಾನೂ ಒಂದು ವರ್ಷ ಹಾಗೆ ಗೆದ್ದಿದ್ದೇನೆ. ಮುಂದಿನ ವರ್ಷ ಉಳಿದ ಹುಡುಗರೂ ಅಷ್ಟೇ ಎತ್ತರ ಬೆಳೆದಿದ್ದರು.

ನಮ್ಮ ಕಡೆ ಎದುರಾಗುವ ದೊಡ್ಡ ಅಡಚಣೆ ಜಾಗದ್ದು. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ, ಎಲ್ಲಿ ನೋಡಿದರೂ ಬಲೆ ಹೊದೆಸಿದ ಟರ್ಫ್‌ಗಳು ಎದ್ದಿವೆ. ಗಂಟೆಯ ಬಾಡಿಗೆ, ರಾತ್ರಿ ದೀಪ, ಮಳೆಗಾಲದಲ್ಲೂ ಕೆಸರಿಲ್ಲ. ದೂರುವಂಥದ್ದೇನಲ್ಲ. ಆದರೆ ಲೆಕ್ಕ ಹಾಕಿ: 105 ಮೀಟರ್ ಉದ್ದ, 68 ಮೀಟರ್ ಅಗಲದ ಪೂರ್ಣ ಮೈದಾನದಲ್ಲಿ ಗೋಲ್‌ಕೀಪರ್‌ಗಳನ್ನು ಬಿಟ್ಟು ಪ್ರತಿ ಆಟಗಾರನ ಪಾಲಿಗೆ 357 ಚದರ ಮೀಟರ್ ಬರುತ್ತದೆ. 30ಕ್ಕೆ 20 ಮೀಟರಿನ ಟರ್ಫ್‌ನಲ್ಲಿ ಐವರಿಗೆ ಐವರು ಆಡಿದರೆ 75. ಚೆಂಡು ಬಲೆಗೆ ಬಡಿದು ವಾಪಸು ಬರುವುದರಿಂದ ಹೊರಗೆ ಹೋಗುವ ಭಯವೂ ಇಲ್ಲ. ಅಲ್ಲಿ ಬೆಳೆದ ಮಗುವಿನ ಕಾಲು ಚುರುಕು, ಸಣ್ಣ ಜಾಗದಲ್ಲಿ ಅದು ಮಾಯಾವಿ. ದೊಡ್ಡ ಮೈದಾನಕ್ಕೆ ತಂದರೆ ನಲವತ್ತು ಮೀಟರ್ ಆಚೆ ಖಾಲಿ ಬಿದ್ದ ಬದಿ ಅದಕ್ಕೆ ಕಾಣುವುದೇ ಇಲ್ಲ, ಹುಟ್ಟಿದಾಗಿನಿಂದ ಫ್ಲ್ಯಾಟಿನಲ್ಲೇ ಬೆಳೆದವನಿಗೆ ಊರಿನ ಹಿತ್ತಿಲು ಕಾಣದ ಹಾಗೆ. ಅದಕ್ಕೇ ವಾರದ ನಡುವೆ ಟರ್ಫ್ ಸಿಕ್ಕರೆ ಅಲ್ಲಿ ರೊಂಡೋ, ಮೂವರಿಗೆ ಮೂವರು, ಒತ್ತಡದಲ್ಲಿ ತಿರುಗುವುದು. ಭಾನುವಾರದ ದೊಡ್ಡ ಮೈದಾನವನ್ನು ದೂರ ನೋಡುವುದಕ್ಕೇ ಮೀಸಲಿಡುತ್ತೇನೆ.

ಜೂನ್ ಬಂತೆಂದರೆ ಈ ಲೆಕ್ಕವೂ ತೊಳೆದುಹೋಗುತ್ತದೆ. ವಾಲಧುನಿ ನದಿ ಅಂಬರನಾಥದ ಶಿವಮಂದಿರದ ಪಕ್ಕದಲ್ಲಿ ತುಂಬಿ ಹರಿಯುವಾಗ ನಮ್ಮ ಮೈದಾನ ಚೆಂಡನ್ನು ಉರುಳಲು ಬಿಡುವುದಿಲ್ಲ. ಮನೆಯಲ್ಲಿ ಕೂತು ಚೌಕಳಿ ಹಾಳೆಯ ಮೇಲೆ ಬರೆದ ನಕ್ಷೆಗೆ ನೀರು ನಿಂತದ್ದು ಗೊತ್ತಿರುವುದಿಲ್ಲ. ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ ಇದೇ ಮೂರು ಗೇಟಿನ ಆಟ ಆಡಿಸುತ್ತಿದ್ದೆ. ಇಪ್ಪತ್ತು ನಿಮಿಷವಾದರೂ ಎಡಗೇಟಿನಿಂದ ಒಂದೂ ಅಂಕ ಬರಲಿಲ್ಲ. ಎಡಬದಿಯವನು ಅಂಜುತ್ತಿದ್ದಾನೆ ಎಂದುಕೊಂಡೆ. ಮಿಡ್‌ಫೀಲ್ಡರ್ ಆ ಕಡೆ ನೋಡುತ್ತಿಲ್ಲ ಎಂದುಕೊಂಡೆ. ಎಡಗೇಟಿಗೆ ಎರಡು ಅಂಕ ಎಂದು ಆಸೆ ತೋರಿಸಿದೆ. ಆಗಲೂ ಇಲ್ಲ. ಆಟ ನಿಲ್ಲಿಸಿ 'ಕುರಿ ಹೈ' ಎಂದು ಕೂಗುವ ಆ ಹುಡುಗಿಯನ್ನೇ ಕೇಳಿದೆ, ಯಾಕೆ ಯಾರೂ ಆ ಕಡೆ ಹೋಗುತ್ತಿಲ್ಲ ಎಂದು.

ಅವಳು ಉತ್ತರ ಕೊಡಲಿಲ್ಲ. ಎಡಗೇಟಿನ ಹತ್ತಿರ ನಡೆದುಹೋಗಿ, ಎರಡೂ ಕೋನುಗಳನ್ನು ಎತ್ತಿ, ಎರಡು ಹೆಜ್ಜೆ ಆಚೆ ಇಟ್ಟು ವಾಪಸು ಬಂದಳು. ಮೊದಲು ಕೋನು ಇದ್ದ ಜಾಗದಲ್ಲಿ, ಹುಲ್ಲಿನ ಅಡಿಯಲ್ಲಿ, ಪಾದ ಮುಳುಗುವಷ್ಟು ನೀರಿತ್ತು.

"ಈಗ ಆಡಿಸಿ ಸರ್," ಎಂದಳು.